ನಾನೂರ ಹನ್ನೆರಡು ನೀಲಿ ಕಾರ್ಡುಗಳು

ಮುಚ್ಚಲಿರುವ ಕಚೇರಿಯಲ್ಲಿ ಎಲ್ಲರಿಗಿಂತ ಹೆಚ್ಚು ಕೆಲಸ ಪಟ್ಟಿ ಮಾಡುವವನಿಗೆ. ಕುರ್ಚಿ ಎಷ್ಟು, ಕಪಾಟು ಎಷ್ಟು, ಬೀಗ ಇರುವ ಕಪಾಟು ಎಷ್ಟು, ಬೀಗ ಇದ್ದು ಕೀಲಿಕೈ ಇಲ್ಲದ್ದು ಎಷ್ಟು. ನಮ್ಮ ಬಂದರು ಮಂಡಳಿಯಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು. ಒಂದು ಸಲ ಎಣಿಸಿದರೆ ಸಾಕಾಗುವಲ್ಲಿ ನಾನು ಮೂರು ಸಲ ಎಣಿಸುತ್ತೇನೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಮಳೆಯೇ ಬಾರದ ದೋಹಾದಲ್ಲಿ ಕಚೇರಿಗೊಂದು, ಮನೆಗೊಂದು ಛತ್ರಿ ಇಟ್ಟುಕೊಂಡಿದ್ದ ಮನುಷ್ಯ ನಾನು.

ಮಂಡಳಿಯೆಂದರೆ ಏನೆಂದು ಹೇಳಿಬಿಡುತ್ತೇನೆ. ಕತಾರ್ ಮತ್ತು ನೆರೆಯ ಇನ್ನೊಂದು ದೇಶ ಸೇರಿ ಹಿಂದೆ ಮಾಡಿಕೊಂಡ ಒಪ್ಪಂದದಿಂದ ಹುಟ್ಟಿದ ಜಂಟಿ ಕಚೇರಿ ಅದು. ದೋಹಾ ಬಂದರಿನಲ್ಲಿ ಹಡಗಿನ ಸರಕು ಇಳಿಸುವ ಕೆಲಸ ಯಾರು ಮಾಡಬಹುದು, ಯಾರು ಮಾಡಬಾರದು ಎಂದು ತೀರ್ಮಾನಿಸುವುದು ಅದರ ಅಧಿಕಾರ. ಮಂಡಳಿಯ ನೀಲಿ ಕಾರ್ಡು ಇಲ್ಲದೆ ಬಂದರಿನ ಗೇಟು ದಾಟುವಂತಿರಲಿಲ್ಲ. ತೊಂಬತ್ತರ ದಶಕದ ನಡುಭಾಗಕ್ಕೆ ಬರುವಾಗ ನೆರೆಯ ದೇಶದವರಿಗೆ ಅವರದೇ ದೊಡ್ಡ ಬಂದರು ಆಗಿತ್ತು, ನಮ್ಮ ಬಂದರಿನ ಉಸಾಬರಿ ಬೇಡವಾಯಿತು. ಎರಡೂ ಕಡೆಯವರು ಕೂತು, ಚಹಾ ಕುಡಿದು, ಹೊಸ ವರ್ಷದ ಮೊದಲ ದಿನದಿಂದ ಮಂಡಳಿ ಇರುವುದಿಲ್ಲ ಎಂದು ಠರಾವು ಮಾಡಿದರು. ಆ ದಿನ ಚಾಲ್ತಿಯಲ್ಲಿರುವ ಕಾರ್ಡುಗಳೆಲ್ಲ ಇದ್ದ ಹಾಗೆಯೇ ಕತಾರಿನ ಬಂದರು ಇಲಾಖೆಗೆ ವರ್ಗವಾಗಬೇಕು. ಚಾಲ್ತಿಯಲ್ಲಿ ಇಲ್ಲದವರು ಹೊಸದಾಗಿ ಅರ್ಜಿ ಹಾಕಬೇಕು. ಹೊಸ ಅರ್ಜಿಗೆ ಇಲಾಖೆಯ ಹೊಸ ನಿಯಮ: ವಯಸ್ಸು ಐವತ್ತೈದು ದಾಟಿರಬಾರದು.

ಡಿಸೆಂಬರಿನ ಮೊದಲ ವಾರದ ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಗೆ, ನಾನು ಹಸ್ತಾಂತರದ ಫಾರಂ ತುಂಬುತ್ತಿದ್ದೆ. ಏಳನೆಯ ಕಾಲಂ: ‘ವಿಸರ್ಜನೆಯ ದಿನ ಚಾಲ್ತಿಯಲ್ಲಿರುವ ಕಾರ್ಡುಗಳ ಸಂಖ್ಯೆ.’ ಕಪಾಟಿನಲ್ಲಿ ನಾನೂರ ಹನ್ನೆರಡು ಕಾರ್ಡುಗಳ ಕಚೇರಿ ಪ್ರತಿ ಇತ್ತು. ನಾಲ್ಕು ಒಂದು ಎರಡು ಎಂದು ಬರೆಯಲು ಪೆನ್ನು ಎತ್ತಿದೆ. ಅಭ್ಯಾಸಬಲ, ಒಂದು ಕಾರ್ಡು ತೆಗೆದು ತಾರೀಕು ನೋಡಿದೆ. ಅವಧಿ ಮುಗಿಯುವುದು ಡಿಸೆಂಬರ್ ಮೂವತ್ತೊಂದು. ಇನ್ನೊಂದು ತೆಗೆದೆ, ಅದೂ ಅಷ್ಟೇ. ನಾನೂರ ಹನ್ನೆರಡೂ ಅಷ್ಟೇ ಎಂದು ನನಗೆ ಹನ್ನೆರಡು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದೂ ಹೊಳೆದಿರಲಿಲ್ಲ.

ಯಾಕೆ ಹೊಳೆಯಲಿಲ್ಲವೆಂದರೆ, ನಮ್ಮಲ್ಲಿ ಡಿಸೆಂಬರಿನಲ್ಲಿ ಯಾರೂ ಕಾರ್ಡು ರಿನ್ಯೂ ಮಾಡಿಸುತ್ತಿರಲಿಲ್ಲ. ನಿಯಮದಲ್ಲಿ ಜನವರಿ ಇಡೀ ತಿಂಗಳು ರಿಯಾಯಿತಿ ಅವಧಿ. ಹಾಗಾಗಿ ಕಾರ್ಡು ಸತ್ತ ಮೇಲೆಯೇ ಬಂದು ಜೀವ ತುಂಬಿಸಿಕೊಂಡು ಹೋಗುವುದು ಪದ್ಧತಿಯಾಗಿಬಿಟ್ಟಿತ್ತು. ಜನವರಿ ತಿಂಗಳಿಡೀ ನಮ್ಮ ವರಾಂಡದಲ್ಲಿ ಕ್ಯೂ. ಗೇಟಿನವರೂ ಆ ತಿಂಗಳು ತಾರೀಕು ನೋಡುತ್ತಿರಲಿಲ್ಲ. ಈ ಸಲ ಜನವರಿಯಲ್ಲಿ ಮಂಡಳಿಯೇ ಇಲ್ಲ. ಮಂಡಳಿ ಇಲ್ಲದ ಮೇಲೆ ರಿಯಾಯಿತಿ ಕೊಡುವವರು ಯಾರು? ಏಳನೆಯ ಕಾಲಮಿನಲ್ಲಿ ಬರೆಯಬೇಕಾದ ಅಂಕಿ ಸೊನ್ನೆ.

ನಾನೂರ ಹನ್ನೆರಡು ಜನರೂ ಹೊಸ ಅರ್ಜಿದಾರರು. ಅವರನ್ನು ಕರೆಸಿಕೊಂಡ ಸರಕು ಕಂಪೆನಿ, ಕಾರ್ಡು ಇಲ್ಲದವರನ್ನು ಒಂದು ವಾರವೂ ಇಟ್ಟುಕೊಳ್ಳುವುದಿಲ್ಲ. ಐವತ್ತೈದು ದಾಟಿದವರಂತೂ ನೇರ ವಿಮಾನಕ್ಕೆ.

ಬೆವರು ಬಂತು. ಕೂಡಲೇ ರಿನ್ಯೂ ಶುರು ಮಾಡಿದರಾಯಿತಲ್ಲ, ಇನ್ನೂ ಮೂರು ವಾರ ಉಂಟಲ್ಲ ಎಂದು ಯೋಚಿಸಿದೆ. ಆಗ ಎರಡನೆಯ ಬೆವರು ಬಂತು. ರಿನ್ಯೂ ಆಗಬೇಕಾದರೆ ಕಾರ್ಡಿನ ಮೇಲೆ ಮಂಡಳಿಯ ಉಬ್ಬು ಸೀಲ್ ಬೀಳಬೇಕು. ಆ ಸೀಲಿನ ಯಂತ್ರವನ್ನು ಮುಂದಿನ ವಾರದ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ನೆರೆಯ ದೇಶದ ಪ್ರತಿನಿಧಿಯ ಕೈಗೆ ಒಪ್ಪಿಸಬೇಕೆಂದು ಠರಾವಿನಲ್ಲಿತ್ತು. ಮಂಡಳಿ ಮುಚ್ಚುವುದು ತಿಂಗಳ ಕೊನೆಗೆ, ಸೀಲ್ ಮಾತ್ರ ಎರಡು ವಾರ ಮುಂಚೆ ಯಾಕೆ? ಯಾಕೆಂದರೆ ಕರಡು ಬರೆದವನು ನಾನು. ಸಿಬ್ಬಂದಿ ಒಬ್ಬೊಬ್ಬರೇ ಖಾಲಿಯಾಗುವಾಗ ಯಾರಾದರೂ ಸೀಲ್ ದುರುಪಯೋಗ ಮಾಡಿದರೆ ಎಂದು ಹೆದರಿ ಆ ವಾಕ್ಯವನ್ನು ನಾನೇ ಸೇರಿಸಿದ್ದೆ. ‘ಒಳ್ಳೆಯ ಮುಂದಾಲೋಚನೆ’ ಎಂದು ಎರಡೂ ಕಡೆಯವರು ನನ್ನನ್ನು ಹೊಗಳಿದ್ದರು.

ಎದುರಿನ ಮೇಜಿನ ಟೈಪಿಸ್ಟ್, ತಲಶ್ಶೇರಿಯವನು, ನನ್ನ ಮುಖ ನೋಡಿ ಕೇಳಿದ: “ಏನು ಸಾರ್, ಮತ್ತೆ ಗ್ಯಾಸ್ ಆಫ್ ಮಾಡಿದ್ದು ನೆನಪಾಗ್ತಾ ಇಲ್ವಾ?”

“ಇಲ್ಲ ಮಾರಾಯ, ಈ ಸಲ ನಿಜವಾಗಿಯೂ ಹೊತ್ತಿಕೊಂಡಿದೆ.”

ನಮ್ಮ ಸೆಕ್ರೆಟರಿ ಕತಾರಿನ ಹಿರಿಯರು. ಅವರ ತಂದೆ ಹಾಯಿಹಡಗಿನಲ್ಲಿ ಖರ್ಜೂರ ಒಯ್ದು ಮಂಗಳೂರಿನಿಂದ ಹೆಂಚು ತರುತ್ತಿದ್ದವರಂತೆ. ಮಗ ಬೊಂಬಾಯಿಯಲ್ಲಿ ಐದಾರು ವರ್ಷ ಇದ್ದು ಹಿಂದಿ ಕಲಿತಿದ್ದರು. ನನ್ನನ್ನು ಅವರು ಹೆಸರಿನಿಂದ ಕರೆದದ್ದೇ ಇಲ್ಲ, ‘ಮಂಗ್ಳೂರಿ’ ಎಂದೇ. ವಿಷಯ ಹೇಳಿದೆ. ಜಪಸರ ತಿರುಗಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡರು.

“ಹನ್ನೆರಡು ವರ್ಷದಲ್ಲಿ ನೀನು ನನಗೆ ಹೇಳಿದ ಅನಾಹುತ ಎಷ್ಟು, ಮಂಗ್ಳೂರಿ?”

“ಬಹಳ ಇರಬಹುದು ಸಾಹೇಬ್.”

“ಅದರಲ್ಲಿ ಆದದ್ದು?”

“ಒಂದೂ ಇಲ್ಲ.”

“ಇದು?”

“ಇದು ಆಗ್ತದೆ ಸಾಹೇಬ್.”

ಅವರು ಫೈಲು ಎಳೆದುಕೊಂಡು ಓದಿದರು. ಆಮೇಲೆ ನೆರೆಯ ದೇಶದ ಪ್ರತಿನಿಧಿಗೆ ಫ್ಯಾಕ್ಸ್ ಮಾಡಿಸಿದರು: ಸೀಲ್ ಒಪ್ಪಿಸುವುದನ್ನು ತಿಂಗಳ ಕೊನೆಗೆ ಮುಂದೂಡೋಣವೇ? ಪ್ರತಿನಿಧಿ ಎಳೆ ಪ್ರಾಯದ ವಕೀಲ. ಮಧ್ಯಾಹ್ನದೊಳಗೆ ಉತ್ತರ ಬಂತು. ಠರಾವು ತಿದ್ದಬೇಕಾದರೆ ಸಭೆ ಕರೆಯಬೇಕು, ಸಭೆಗೆ ಹದಿನೈದು ದಿನದ ನೋಟೀಸು ಬೇಕು, ಗುರುವಾರ ಹನ್ನೆರಡು ಗಂಟೆಗೆ ತಾನು ಬರುವುದು ಖಂಡಿತ.

“ಖಲಾಸ್” ಎಂದರು ಸೆಕ್ರೆಟರಿ. ಅದು ಮುಗಿಯಿತು ಎಂಬ ಅರ್ಥದಲ್ಲೋ, ಆ ದಾರಿ ಮುಚ್ಚಿತು ಇನ್ನೊಂದು ನೋಡು ಎಂಬ ಅರ್ಥದಲ್ಲೋ ತಿಳಿಯದೆ ನಿಂತಿದ್ದೆ. “ನಿಂತು ಏನು ನೋಡ್ತೀ? ರಿಜಿಸ್ಟ್ರಾರ್ ಈಗ ನೀನೇ ಅಲ್ಲವಾ?”

ಅದೊಂದು ನಾನು ಮರೆಯಲು ಯತ್ನಿಸುತ್ತಿದ್ದ ಸಂಗತಿ. ನಿಜವಾದ ರಿಜಿಸ್ಟ್ರಾರ್ ನೆರೆಯ ದೇಶದವರು, ಮೂರು ತಿಂಗಳ ಮುಂಚೆಯೇ ಊರಿಗೆ ಹೋಗಿದ್ದರು. ಹೆಡ್ ಕ್ಲಾರ್ಕ್ ಆಗಿದ್ದ ನನಗೆ ಆ ಹುದ್ದೆಯ ಅಧಿಕಾರವನ್ನು ತಾತ್ಕಾಲಿಕವಾಗಿ ಕೊಟ್ಟಿದ್ದರು. ನಾನು ಆ ಕುರ್ಚಿಯಲ್ಲಿ ಒಂದು ದಿನವೂ ಕೂತಿರಲಿಲ್ಲ.

ಮನೆಗೆ ಹೋಗಿ ನಿಯಮದ ಪುಸ್ತಕ ಬಿಡಿಸಿದೆ. ಊಟದ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡೆ. ಹೆಂಡತಿ ಸಾರು ಬಡಿಸುತ್ತ, “ನೀವು ಚಿಂತೆ ಮಾಡುದಕ್ಕೆ ಯಾರಾದ್ರೂ ಸಂಬಳ ಕೊಡುದಾದ್ರೆ ನಾವು ಇಷ್ಟೊತ್ತಿಗೆ ವೆಸ್ಟ್ ಬೇಯಲ್ಲಿ ಬಂಗ್ಲೆ ಕಟ್ಟಿ ಇರ್ತಿದ್ದೆವು” ಎಂದಳು. ಪುಸ್ತಕದಲ್ಲಿ ಒಂದು ಒಳ್ಳೆಯದು, ಮೂರು ಕೆಟ್ಟದ್ದು ಸಿಕ್ಕಿತು. ಒಳ್ಳೆಯದು: ಅವಧಿ ಮುಗಿಯುವ ಮುಂಚಿನ ಮೂವತ್ತು ದಿನಗಳಲ್ಲಿ ಯಾವಾಗ ಬೇಕಾದರೂ ರಿನ್ಯೂ ಮಾಡಬಹುದು. ಆ ಸಾಲನ್ನು ಹನ್ನೆರಡು ವರ್ಷದಲ್ಲಿ ಒಬ್ಬನೂ ಬಳಸಿರಲಿಲ್ಲ. ಕೆಟ್ಟದ್ದು: ಕೆಲಸಗಾರ ಖುದ್ದಾಗಿ ರಿಜಿಸ್ಟ್ರಾರ್ ಕಚೇರಿಗೆ ಬಂದು ಪುಸ್ತಕದಲ್ಲಿ ಸಹಿ ಹಾಕಬೇಕು. ಮೂರು ತಿಂಗಳೊಳಗಿನ ವೈದ್ಯಕೀಯ ಚೀಟಿ ಇರಬೇಕು. ಅವನ ಗ್ಯಾಂಗಿನ ಮೇಸ್ತ್ರಿ ಸರ್ಟಿಫಿಕೇಟಿಗೆ ಸಹಿ ಹಾಕಬೇಕು.

ಮರುದಿನ ಬುಧವಾರ ಬೆಳಿಗ್ಗೆ ಕಾಕನನ್ನು ಹುಡುಕಿಕೊಂಡು ಹೋದೆ. ಕಾಕ ಉಳ್ಳಾಲದ ಬ್ಯಾರಿ, ಬಂದರಿನಲ್ಲಿ ಎಲ್ಲಕ್ಕಿಂತ ದೊಡ್ಡ ಗ್ಯಾಂಗಿನ ಮೇಸ್ತ್ರಿ. ಪಾಸ್‌ಪೋರ್ಟಿನ ಪ್ರಕಾರ ಐವತ್ತೊಂಬತ್ತು. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಾಕ ದಕ್ಕೆಯಲ್ಲಿ, ಎಂದರೆ ಸರಕು ಇಳಿಸುವ ಕಟ್ಟೆಯ ಮೇಲೆ, ಸಿಮೆಂಟು ತಂದ ಹಡಗಿನ ಪಕ್ಕ ನಿಂತಿದ್ದ, ರೆಪ್ಪೆ ಎಲ್ಲ ಬೆಳ್ಳಗೆ.

“ಎಂತ ಶೆಟ್ರೇ, ದಕ್ಕೆಗೆ ಬಂದದ್ದು? ದಾರಿ ತಪ್ಪಿತಾ?”

ಹೇಳಿದೆ. ಅವನು ಮುಂಡಾಸು ಬಿಚ್ಚಿ ಮುಖ ಒರೆಸಿಕೊಂಡ. ನಗು ಹೋಗಿತ್ತು.

“ಅಂದ್ರೆ ಜನವರಿಗೆ ನಾನು ಊರಿಗೆ?”

“ನೀವು ಮಾತ್ರ ಅಲ್ಲ ಕಾಕ. ಐವತ್ತೈದು ದಾಟಿದವರು ಮೂವತ್ತೆಂಟು ಮಂದಿ ಇದ್ದಾರೆ. ನಾನು ಎಣಿಸಿದೆ.”

“ನೀವು ಎಣಿಸದೆ ಇರ್ತೀರಾ? ಮಗನಿಗೆ ಕಾಲೇಜು ಇನ್ನೂ ಎರಡು ವರ್ಷ ಉಂಟು ಮಾರಾಯ್ರೆ. ಈ ಎರಡು ವರ್ಷ ದಾಟಿದ್ರೆ ನಾನೇ ಹೋಗ್ತೇನೆ, ಯಾರೂ ದೂಡುದು ಬೇಡ.” ಮುಂಡಾಸು ಮತ್ತೆ ಸುತ್ತಿಕೊಂಡ. “ಈಗ ಎಂತ ಆಗ್ಬೇಕು, ಹೇಳಿ.”

ವೈದ್ಯಕೀಯ ಚೀಟಿಯ ಗಂಟು ಬಿಡಿಸಿದ್ದು ಕಾಕನೇ. ಬಂದರಿನ ಕ್ಲಿನಿಕ್ಕಿನಲ್ಲಿ ದಿನಕ್ಕೆ ಇಪ್ಪತ್ತು ಜನಕ್ಕಿಂತ ಹೆಚ್ಚು ನೋಡುವುದಿಲ್ಲವೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಅವನು, “ಅಕ್ಟೋಬರಿನಲ್ಲಿ ಕಂಪೆನಿ ಎಲ್ಲರ ಎದೆ ಎಕ್ಸ್‌ರೇ ತೆಗೆಸಿ ಡಾಕ್ಟ್ರ ಚೀಟಿ ಮಾಡಿಸಿದೆಯಲ್ಲ, ವಿಮೆಗೆ ಅಂತ. ಆ ಚೀಟಿ ಆಗುದಿಲ್ವಾ?” ಎಂದ. ಚೀಟಿಗಳೆಲ್ಲ ಉಮ್ಮ್ ಸಲಾಲ್ ದಾರಿಯಲ್ಲಿದ್ದ ಕಂಪೆನಿಯ ಕ್ಯಾಂಪಿನಲ್ಲಿ, ಒಂದು ಬಿಸ್ಕತ್ತಿನ ಪೆಟ್ಟಿಗೆಯಲ್ಲಿ ಇದ್ದವು. ಅಕ್ಟೋಬರಿನಿಂದ ಡಿಸೆಂಬರಿಗೆ ಮೂರು ತಿಂಗಳೊಳಗೆ. ಟೈಪಿಸ್ಟ್ ಮಧ್ಯಾಹ್ನವೇ ಪಿಕಪ್ಪಿನಲ್ಲಿ ಹೋಗಿ ಪೆಟ್ಟಿಗೆ ತಂದ. ನಾನು ತಾರೀಕುಗಳನ್ನು ಒಂದೊಂದಾಗಿ ನೋಡಿದೆ. ಎರಡು ಸಲ ನೋಡಿದೆ. ಮೂರನೆಯ ಸಲಕ್ಕೆ ಟೈಪಿಸ್ಟ್ ಪೆಟ್ಟಿಗೆಯ ಮುಚ್ಚಳ ಹಾಕಿದ.

ಇನ್ನೊಂದು ಗಂಟು ಗಟ್ಟಿಯಾಗಿತ್ತು. ಕಂಪೆನಿಯ ಮ್ಯಾನೇಜರು ಕೆಲಸಗಾರರನ್ನು ನಮ್ಮ ಕಚೇರಿಗೆ ಕಳಿಸಲು ಒಪ್ಪಲಿಲ್ಲ. ದಕ್ಕೆಯಲ್ಲಿ ನಾಲ್ಕು ಹಡಗು, ಹೊರಗೆ ಎರಡು ಕಾಯುತ್ತಿವೆ. ಬಂದರಿನಿಂದ ಕಚೇರಿಗೆ ಬಂದು, ಕ್ಯೂ ನಿಂತು, ವಾಪಸು ಹೋಗಲು ಒಬ್ಬನಿಗೆ ಅರ್ಧ ದಿನ. ‘ಜನವರಿಯಲ್ಲಿ ಬರ್ತಾರಲ್ಲ, ಯಾವಾಗಲೂ ಬರುವ ಹಾಗೆ’ ಎಂದು ಫೋನ್ ಇಟ್ಟ. ಅವನಿಗೆ ಅರ್ಥವಾಗಲಿಲ್ಲವೋ, ಅರ್ಥವಾಗಿ ಕಡಿಮೆ ಸಂಬಳದ ಹೊಸಬರು ಸಿಗುತ್ತಾರೆಂದು ಲೆಕ್ಕ ಹಾಕಿದನೋ, ನನಗೆ ಇಂದಿಗೂ ಗೊತ್ತಿಲ್ಲ.

ಕೆಲಸಗಾರರು ಕಚೇರಿಗೆ ಬರಲಾರರು. ಕಚೇರಿಗೆ ಬರದೆ ಸಹಿ ನಡೆಯದು. ಮರುದಿನ, ಆ ವಾರದ ಗುರುವಾರ, ಬೆಳಿಗ್ಗೆ ಅರ್ಧ ತಾಸು ಗೋಡೆ ನೋಡುತ್ತ ಕೂತಿದ್ದೆ. ಜೀವಮಾನದಲ್ಲಿ ಮೇಲಿನವರ ಆಜ್ಞೆ ಇಲ್ಲದೆ ಒಂದು ಪಂಚಿಂಗ್ ಮೆಷಿನ್ ಸಹ ತರಿಸಿದವನಲ್ಲ ನಾನು. ಆದರೆ ಆ ಹೊತ್ತಿಗೆ ಎದ್ದು ಹೋಗಿ, ಮೂರು ತಿಂಗಳಿಂದ ಖಾಲಿಯಿದ್ದ ರಿಜಿಸ್ಟ್ರಾರ್ ಕುರ್ಚಿಯಲ್ಲಿ ಕೂತೆ. ಅಲ್ಲಿ ಕೂತು ಟೈಪಿಸ್ಟನಿಗೆ ಒಂದು ಆಜ್ಞೆ ಹೇಳಿ ಬರೆಸಿದೆ: ಶನಿವಾರದಿಂದ ರಿಜಿಸ್ಟ್ರಾರ್ ಕಚೇರಿ ಬಂದರಿನೊಳಗೆ, ಸರಕು ದಾಸ್ತಾನಿನ ಎರಡನೆಯ ಶೆಡ್ಡಿನಲ್ಲಿ ಕೆಲಸ ಮಾಡತಕ್ಕದ್ದು. ಕಚೇರಿ ಎಲ್ಲಿರಬೇಕೆಂದು ನಿಯಮದಲ್ಲಿ ಎಲ್ಲೂ ಹೇಳಿರಲಿಲ್ಲ. ಸೆಕ್ರೆಟರಿ ಲಿಖಿತವಾಗಿ ಹೇಳಿದ ಜಾಗ ಅಂತ ಮಾತ್ರ ಇತ್ತು.

ಸೆಕ್ರೆಟರಿ ಕಾಗದ ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಇದನ್ನು ನೀನು ಬರೆದದ್ದಾ?”

“ಹೌದು ಸಾಹೇಬ್. ಬೇಡದಿದ್ದರೆ ಹರಿದು...”

ಅವರು ಕೆಳಗೆ ಸಹಿ ಎಳೆದರು. “ಕಾಗದದ ಕಚೇರಿ ಸಾಲದು. ಬರುವ ವಾರ ಆ ವಕೀಲ ಬಂದು ಕೇಳ್ತಾನೆ, ಕಚೇರಿ ಎಲ್ಲಿ ಅಂತ. ಬಾಗಿಲ ಬೋರ್ಡು ಕಳಚಿ ಅಲ್ಲಿ ಹೊಡಿ. ಹೊರಡು, ಯಲ್ಲಾ!”

ಹಿತ್ತಾಳೆಯ ಬೋರ್ಡನ್ನು ನಾನೇ ಸ್ಕ್ರೂಡ್ರೈವರ್ ಹಿಡಿದು ಕಳಚಿದೆ. ಒಂದು ಸ್ಕ್ರೂ ಬಿದ್ದು ಮೇಜಿನಡಿ ಹೋಯಿತು. ಅದನ್ನು ಹುಡುಕದೆ ಬಿಟ್ಟದ್ದು ಆ ವಾರದ ನನ್ನ ಮೊದಲ ಸಾಹಸ.

ಶನಿವಾರ ಬೆಳಿಗ್ಗೆ ಆರಕ್ಕೆ ಎರಡನೆಯ ಶೆಡ್ಡಿನಲ್ಲಿ, ಅಕ್ಕಿ ಮೂಟೆಗಳ ನಡುವೆ ಎರಡು ಮೇಜು ಹಾಕಿದೆವು. ಒಂದರ ಮೇಲೆ ಸಹಿ ಪುಸ್ತಕ, ಇನ್ನೊಂದರ ಮೇಲೆ ಸೀಲಿನ ಯಂತ್ರ. ಎರಕದ ಕಬ್ಬಿಣದ್ದು, ಉದ್ದ ಹಿಡಿ, ಒತ್ತಿದರೆ ಕಾರ್ಡಿನ ಮೂಲೆಯಲ್ಲಿ ಹಾಯಿಹಡಗಿನ ಗುರುತು ಉಬ್ಬುತ್ತದೆ. ಕ್ರಮ ಹೀಗೆ: ಟೈಪಿಸ್ಟ್ ಹೆಸರು ಕೂಗಿ ಚೀಟಿ ತೆಗೆಯುವುದು, ಮೇಸ್ತ್ರಿ ಮೂಟೆಯ ಮೇಲೆ ಕೂತು ಸರ್ಟಿಫಿಕೇಟಿಗೆ ಸಹಿ ಹಾಕುವುದು, ಕೆಲಸಗಾರ ಪುಸ್ತಕದಲ್ಲಿ ಸಹಿ ಅಥವಾ ಹೆಬ್ಬೆಟ್ಟು, ನಾನು ಹೊಸ ತಾರೀಕು ಬರೆದು ಸೀಲ್ ಒತ್ತುವುದು. ಕ್ರೇನು ಒಂದು ಹೊರೆ ಇಳಿಸಿ ಇನ್ನೊಂದಕ್ಕೆ ತಿರುಗುವ ಮೂರು ನಿಮಿಷದ ಬಿಡುವಿನಲ್ಲಿ ಇಬ್ಬರು ಓಡಿಬರುತ್ತಿದ್ದರು, ಮುಗಿಸಿ ಓಡುತ್ತಿದ್ದರು. ಮ್ಯಾನೇಜರಿಗೆ ದೂರಲು ಏನೂ ಸಿಗಲಿಲ್ಲ, ಒಂದು ಮೂಟೆಯೂ ತಡವಾಗಲಿಲ್ಲ.

ಮೊದಲ ದಿನ ಐವತ್ತೊಂದೇ ಆಯಿತು. ಮನೆಗೆ ಬಂದು ಭಾಗಾಕಾರ ಮಾಡಿ ನೋಡಿದೆ, ಈ ವೇಗದಲ್ಲಿ ನೂರಕ್ಕಿಂತ ಹೆಚ್ಚು ಜನ ಉಳಿಯುತ್ತಾರೆ. ತಪ್ಪು ನನ್ನದೇ. ಪ್ರತಿ ಕಾರ್ಡಿನ ಫೋಟೋವನ್ನೂ ಮುಖದ ಪಕ್ಕ ಹಿಡಿದು ನೋಡುತ್ತಿದ್ದೆ. ಸಿಮೆಂಟು ಮೆತ್ತಿದ ಮುಖ ಯಾವ ಫೋಟೋಕ್ಕೆ ತಾನೇ ಹೊಂದುತ್ತದೆ! ಭಾನುವಾರ ಕಾಕ ನನ್ನ ಕೈಯಿಂದ ಕಾರ್ಡು ಕಿತ್ತುಕೊಂಡ.

“ಶೆಟ್ರೇ, ಇವ ಅವನೇ. ಅದನ್ನು ಹೇಳ್ಳಿಕ್ಕೆ ಅಲ್ವಾ ನಾನು ಇಲ್ಲಿ ಸಹಿ ಹಾಕಿ ಕೂತದ್ದು? ನಿಮಗೆ ನನ್ನ ಮೇಲೆ ನಂಬಿಕೆ ಇಲ್ಲದಿದ್ರೆ ಹೇಳಿ, ಎದ್ದು ಹೋಗ್ತೇನೆ.”

ಅವನು ಹೇಳಿದ್ದು ನ್ಯಾಯ. ಸರ್ಟಿಫಿಕೇಟು ಇರುವುದೇ ಅದಕ್ಕೆ. ಫೋಟೋ ನೋಡುವುದು ಬಿಟ್ಟೆ. ಆ ದಿನ ತೊಂಬತ್ತಾಯಿತು. ಸೋಮವಾರ ನೂರ ನಾಲ್ಕು. ಜನರಿಗೂ ಹುರುಪು ಬಂದಿತ್ತು. ಸೀಲ್ ಬಿದ್ದ ಕಾರ್ಡನ್ನು ಕೆಲವರು ಮೂಗಿಗೆ ಹಿಡಿದು ನೋಡುತ್ತಿದ್ದರು. ಒಬ್ಬ ಈಜಿಪ್ಟಿನವನು ನನ್ನ ಹಣೆಗೆ ಮುತ್ತು ಕೊಟ್ಟ. ಅವನ ಮೀಸೆಯ ಸಿಮೆಂಟು ಮನೆಗೆ ಹೋಗುವವರೆಗೂ ನನ್ನ ಹಣೆಯಲ್ಲಿತ್ತು.

ರಜೆಯಲ್ಲಿ ಊರಿಗೆ ಹೋದವರು ಐವರು. ಖುದ್ದಾಗಿ ಬರಲೇಬೇಕು, ಬೇರೆ ದಾರಿಯಿಲ್ಲ. ಕಾಕ ಫೋನ್ ಬೂತಿನಲ್ಲಿ ನಿಂತು ಉಳ್ಳಾಲ, ಕಾಸರಗೋಡು, ಕರಾಚಿ ಎಲ್ಲ ಕಡೆಗೂ ಸುದ್ದಿ ಮುಟ್ಟಿಸಿದ. ಇಬ್ಬರು ಸಿಕ್ಕಿದ ವಿಮಾನ ಹತ್ತಿ ಬಂದರು. ಇನ್ನಿಬ್ಬರಿಗೆ ಸುದ್ದಿ ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ. ಐದನೆಯವನ ಮಗಳ ಮದುವೆ ಆ ಗುರುವಾರವೇ. ‘ಮದುವೆ ಬಿಟ್ಟು ಬರ್ಲಿಕ್ಕೆ ಆಗುದಿಲ್ಲ, ಕಾರ್ಡು ಹೋದ್ರೆ ಹೋಗ್ಲಿ’ ಎಂದನಂತೆ. ಬಾರದ ಮೂವರ ಕಾರ್ಡುಗಳ ಕಚೇರಿ ಪ್ರತಿಗಳನ್ನು ನಾನು ಬೇರೆ ರಬ್ಬರ್‌ಬ್ಯಾಂಡ್ ಹಾಕಿ ಇಟ್ಟೆ.

ಮಂಗಳವಾರ ತೊಂಬತ್ತೆಂಟು. ಬುಧವಾರ ಬೆಳಿಗ್ಗೆ ವಕೀಲ ಬಂದುಬಿಟ್ಟ, ಒಂದು ದಿನ ಮೊದಲೇ. ಖಾಲಿ ಬಾಗಿಲಲ್ಲಿ ಬೋರ್ಡು ಕಾಣದೆ, ವಿಚಾರಿಸಿಕೊಂಡು ಶೆಡ್ಡಿಗೆ ಬಂದ. ಕಪ್ಪು ಸೂಟು, ಕೈಯಲ್ಲಿ ಸೀಲ್ ಒಯ್ಯಲು ಮಾಡಿಸಿದ ಮರದ ಪೆಟ್ಟಿಗೆ. ಕ್ಯೂ ನೋಡಿದ, ಮೇಜು ನೋಡಿದ, ಅಕ್ಕಿ ಮೂಟೆಗೆ ಒರಗಿಸಿದ ಹಿತ್ತಾಳೆ ಬೋರ್ಡು ನೋಡಿದ.

“ಇದು ಏನು?” ಎಂದು ಇಂಗ್ಲಿಷಿನಲ್ಲಿ ಕೇಳಿದ.

“ರಿಜಿಸ್ಟ್ರಾರ್ ಕಚೇರಿ” ಎಂದೆ.

“ಮುಚ್ಚುತ್ತಿರುವ ಮಂಡಳಿ ಹೊಸ ಕಾರ್ಡು ಕೊಡುವಂತಿಲ್ಲ.”

“ಹೊಸದು ಒಂದೂ ಕೊಟ್ಟಿಲ್ಲ. ಇದ್ದದ್ದನ್ನು ರಿನ್ಯೂ ಮಾಡುತ್ತಿದ್ದೇನೆ. ಹನ್ನೊಂದನೆಯ ನಿಯಮ, ಎರಡನೆಯ ಪ್ಯಾರಾ.”

“ಆ ಪ್ಯಾರಾ ಯಾರೂ ಬಳಸುವುದಿಲ್ಲ.”

“ಬಳಸಬಾರದು ಎಂದು ಎಲ್ಲೂ ಬರೆದಿಲ್ಲ, ನೋಡಿದ್ದೇನೆ.” ಎಷ್ಟು ಸಲ ನೋಡಿದ್ದೇನೆಂದು ಹೇಳಲಿಲ್ಲ. “ಸೀಲ್ ನಿಮಗೆ ಕೊಡಬೇಕಾದದ್ದು ನಾಳೆ ಹನ್ನೆರಡಕ್ಕೆ. ಕುಳಿತುಕೊಳ್ಳಿ, ಚಹಾ ಬರುತ್ತದೆ.”

 ವಕೀಲ ಸಹಿ ಪುಸ್ತಕ ಎಳೆದುಕೊಂಡು ಮೊದಲ ಪುಟದಿಂದ ಓದಲು ಕೂತ. ಮಧ್ಯಾಹ್ನದವರೆಗೆ ಓದಿದ. ತಪ್ಪು ಸಿಗುವುದೋ ಎಂದು ನಾನು ಅವನ ಬೆರಳನ್ನೇ ನೋಡುತ್ತ ಸೀಲ್ ಒತ್ತುತ್ತಿದ್ದೆ. ಬುಧವಾರ ಸಂಜೆಗೆ ನಾನೂರ ಎಂಟು. ಊರಲ್ಲೇ ಉಳಿದ ಮೂವರನ್ನು ಬಿಟ್ಟರೆ ಇನ್ನೊಂದು ಮಾತ್ರ ಬಾಕಿ: ಕಾಕನದು. ಎಷ್ಟು ಹೇಳಿದರೂ ಅವನು ‘ನನ್ನದು ಕೊನೆಗೆ, ನನ್ನ ಗ್ಯಾಂಗಿನ ಮಕ್ಕಳದ್ದು ಆಗ್ಲಿ’ ಎಂದು ಮುಂದೆ ಹಾಕುತ್ತಿದ್ದ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಕಾಕ ತಲೆ ಬಾಚಿಕೊಂಡು, ಒಗೆದ ಅಂಗಿ ಹಾಕಿಕೊಂಡು ಬಂದ. ಪುಸ್ತಕದಲ್ಲಿ ಸಹಿ ಹಾಕಿದ. ಚೀಟಿ ಇತ್ತು. ನಾನು ಸೀಲಿನ ಹಿಡಿಗೆ ಕೈ ಹಾಕಿದಾಗ ವಕೀಲ ಕೇಳಿದ: “ಇವರ ಸರ್ಟಿಫಿಕೇಟು?”

“ಇವರೇ ಮೇಸ್ತ್ರಿ” ಎಂದೆ.

“ತನಗೆ ತಾನೇ ಸರ್ಟಿಫಿಕೇಟು ಕೊಡುವಂತಿಲ್ಲ. ಇನ್ನೊಬ್ಬ ಮೇಸ್ತ್ರಿ ಕೊಡಬೇಕು. ಹದಿನಾಲ್ಕನೆಯ ನಿಯಮ.”

ವಕೀಲನ ಮಾತು ಸರಿ ಇತ್ತು. ಉಳಿದ ಮೇಸ್ತ್ರಿಗಳಿಗೆಲ್ಲ ಕಾಕನೇ ಸಹಿ ಹಾಕಿದ್ದ. ಕಾಕನಿಗೆ ಪ್ರತಿ ವರ್ಷ ಸಹಿ ಹಾಕುತ್ತಿದ್ದವನು ಒಬ್ಬ ಬಲೂಚಿ ಮೇಸ್ತ್ರಿ. ಇಬ್ಬರಿಗೂ ಮಾತಿಲ್ಲ. ಬಹಳ ಹಿಂದೆ ಒಂದು ಹೊರೆ ಕಟ್ಟಿದ ಹಗ್ಗ ಸಡಿಲವಾಗಿ ಪೆಟ್ಟಿಗೆಗಳು ನೀರಿಗೆ ಬಿದ್ದಿದ್ದವು. ಕಟ್ಟಿದ್ದು ಯಾರೆಂದು ಜಗಳವಾಗಿ ನಿಂತ ಮಾತು ನಿಂತೇ ಇತ್ತು. ಆದರೂ ಪ್ರತಿ ಜನವರಿಯಲ್ಲಿ ಇಬ್ಬರೂ ಬಂದು, ಬೇರೆ ಬೇರೆ ಕಡೆ ಮುಖ ಮಾಡಿ, ಒಬ್ಬರ ಕಾಗದಕ್ಕೆ ಇನ್ನೊಬ್ಬರು ಸಹಿ ಹಾಕಿ ಹೋಗುತ್ತಿದ್ದರು. ಉಳಿದ ಮೇಸ್ತ್ರಿಗಳಿಗೆ ಇವರಿಬ್ಬರ ನಡುವೆ ಬರಲು ಧೈರ್ಯವಿರಲಿಲ್ಲ. ಈ ಸಲ ಸೋಮವಾರ ಬಲೂಚಿಯ ಕಾಗದಕ್ಕೆ ಕಾಕ ಸಹಿ ಹಾಕಿದ್ದ. ತನ್ನದನ್ನು ಮುಂದಿಡಲಿಲ್ಲ.

“ಯಾಕೆ ಕೇಳ್ಲಿಲ್ಲ ಕಾಕ?”

“ಅವನೇ ಕೇಳ್ತಾನೆ ಅಂತ ನೋಡಿದೆ. ಕೇಳ್ಲಿಲ್ಲ.”

“ಈಗ ಎಲ್ಲಿದ್ದಾನೆ?”

ಕಾಕ ಸಮುದ್ರದ ಕಡೆ ಗಲ್ಲ ತೋರಿಸಿದ. ದಕ್ಕೆಯಲ್ಲಿ ಜಾಗವಿಲ್ಲದೆ ಹೊರಗೆ ಲಂಗರು ಹಾಕಿದ ಹಡಗಿನಿಂದ ಬಲೂಚಿಯ ಗ್ಯಾಂಗು ಸಣ್ಣ ದೋಣಿಗಳಿಗೆ ಸರಕು ಇಳಿಸುತ್ತಿತ್ತು. ಸಂಜೆಯವರೆಗೆ ಬರುವುದಿಲ್ಲ.

“ದೋಣಿ ಉಂಟಲ್ಲ, ಹೋಗಿ ಬನ್ನಿ.”

“ಊರಿಗೆ ಹೋದೇನು, ಅವನತ್ರ ಹೋಗಿ ಕೇಳುದಿಲ್ಲ.”

ಸೆಕ್ರೆಟರಿಯೂ ಆಗಷ್ಟೇ ಬಂದಿದ್ದರು. ಎಲ್ಲರೂ ನನ್ನನ್ನು ನೋಡಿದರು. ಬಂದರಿನ ಕಚೇರಿಯಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದ ನಾನು ಒಂದು ಸಲವೂ ದೋಣಿ ಹತ್ತಿದವನಲ್ಲ. ಈಜು ಬಾರದು. ನಮ್ಮೂರ ಕಡೆಯ ಸೋಮೇಶ್ವರದ ಸಮುದ್ರದಲ್ಲೂ ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದವನಲ್ಲ. ಗಂಟೆ ಒಂಬತ್ತೂಕಾಲು. ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದೆ, ಆ ಚೀಲವನ್ನು ಇನ್ನೊಂದು ಚೀಲದಲ್ಲಿ ಹಾಕಿದೆ, ಎರಡು ಪೆನ್ನು ತೆಗೆದುಕೊಂಡೆ.

ಬಂದರಿನ ಮೋಟಾರು ಲಾಂಚಿನವನು ಕೊಟ್ಟ ಕಿತ್ತಳೆ ಲೈಫ್ ಜಾಕೆಟಿನ ಎಲ್ಲ ಗುಂಡಿ ಹಾಕಿಸಿಕೊಂಡು ನಡುವಿನ ಹಲಗೆಯಲ್ಲಿ ಕೂತೆ. ಬಂದರಿನ ಅಲೆತಡೆ ಗೋಡೆ ದಾಟಿದ ಕೂಡಲೇ ಅಲೆ ಎತ್ತಿ ಎತ್ತಿ ಹಾಕಿತು. ದೇವರ ಹೆಸರು, ಹೆಂಡತಿಯ ಹೆಸರು, ಹನ್ನೊಂದನೆಯ ನಿಯಮ, ಬಾಯಿಗೆ ಬಂದದ್ದೆಲ್ಲ ಹೇಳಿದೆ. ಮುಕ್ಕಾಲು ಗಂಟೆಯ ಮೇಲೆ ಹಡಗಿನ ಪಕ್ಕ ತಲುಪಿದೆವು. ಮೂರು ಮಾಳಿಗೆಯಷ್ಟು ಎತ್ತರದ ಕಬ್ಬಿಣದ ಗೋಡೆ, ಅದರಿಂದ ತೂಗುವ ಹಗ್ಗದ ಏಣಿ. ನಾನು ಏಣಿ ನೋಡಿದೆ, ಲಾಂಚಿನವನು ನನ್ನನ್ನು ನೋಡಿದ. ಇಬ್ಬರಿಗೂ ಉತ್ತರ ಗೊತ್ತಿತ್ತು.

ಕೆಳಗಿನಿಂದಲೇ ಕೂಗಿದೆ. ಮೇಲೆ ಕಟಾಂಜನದಲ್ಲಿ ಬಲೂಚಿಯ ಗಡ್ಡ ಕಾಣಿಸಿತು.

“ಕೌನ್? ಮಂಡಳಿಯ ಬಾಬು? ಸಮುದ್ರದಲ್ಲಿ?” ಎಂದು ಹಿಂದಿಯಲ್ಲಿ ಕೂಗಿ ತನ್ನವರನ್ನೆಲ್ಲ ಕರೆದ, ನೋಡಲು.

ವಿಷಯ ಕೂಗಿ ಹೇಳಿದೆ. ಅವನು ಒಂದು ಬಕೆಟನ್ನು ಹಗ್ಗದಲ್ಲಿ ಇಳಿಸಿದ. ಕಾಗದ, ಪೆನ್ನು ಹಾಕಿದೆ. ಬಕೆಟು ಮೇಲೆ ಹೋಯಿತು. ಬಹಳ ಹೊತ್ತು ಇಳಿಯಲಿಲ್ಲ. ನಾನು ಹಲಗೆ ಹಿಡಿದು ಕಾದೆ. ಕೊನೆಗೆ ಅವನ ತಲೆ ಮತ್ತೆ ಕಾಣಿಸಿತು.

“ಸೋಮವಾರ ಅವನು ನನ್ನದಕ್ಕೆ ಸಹಿ ಹಾಕಿದ ಮೇಲೆ ನಾನು ಅಲ್ಲೇ ನಿಂತಿದ್ದೆ. ಕಾಗದ ಕೊಡಲಿ ಅಂತ. ಯಾಕೆ ಕೊಡಲಿಲ್ಲ?”

“ನೀವು ಕೇಳಲಿ ಅಂತ ಅವರೂ ನಿಂತಿದ್ದರಂತೆ!”

ಬಲೂಚಿ ನಕ್ಕದ್ದು ಕೆಳಗಿನವರೆಗೆ ಕೇಳಿಸಿತು. ಬಕೆಟು ಇಳಿಯಿತು. “ಆ ಮುದುಕನಿಗೆ ಹೇಳು, ಹಗ್ಗ ಸಡಿಲ ಕಟ್ಟಿದ್ದು ಅವನೇ. ಸಹಿ ಮಾತ್ರ ಗಟ್ಟಿ ಹಾಕಿದ್ದೇನೆ ಅಂತ ಹೇಳು.”

ಹನ್ನೊಂದೂಮುಕ್ಕಾಲಿಗೆ ಶೆಡ್ಡಿಗೆ ಬಂದಾಗ ನನ್ನ ಪ್ಯಾಂಟು ಸೊಂಟದವರೆಗೆ ಒದ್ದೆ, ಕಾಗದ ಒಣಗಿದ್ದು. ವಕೀಲ ಸರ್ಟಿಫಿಕೇಟು ಓದಿದ. ಬಲೂಚಿಯ ಸಹಿಯನ್ನು ಪುಸ್ತಕದ ಸಹಿಯ ಜೊತೆ ಹೊಂದಿಸಿ ನೋಡಿದ. ಆಮೇಲೆ ಸೀಲಿನ ಯಂತ್ರವನ್ನು ತನ್ನ ಕೈಯಿಂದಲೇ ನನ್ನ ಕಡೆ ಸರಿಸಿ, “ಬೇಗ, ಹತ್ತು ನಿಮಿಷ ಉಂಟು” ಎಂದ.

ಹಿಡಿ ಒತ್ತಿದೆ. ಹಾಯಿಹಡಗು ಉಬ್ಬಿತು.

ಶೆಡ್ಡಿನಲ್ಲಿ ಕೂಗು ಎದ್ದಿತು. ಕ್ರೇನಿನವನು ಯಾಕೆಂದು ತಿಳಿಯದೆಯೇ ಹಾರ್ನ್ ಹೊಡೆದ. ಬಲೂಚಿಯ ಮಾತು ಹೇಳಿದಾಗ ಕಾಕ, “ಕಟ್ಟಿದ್ದು ಅವನೇ, ಕಳ್ಳ!” ಎಂದ. ಆದರೆ ಕಾರ್ಡನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಆ ಹಡಗು ನಿಂತ ದಿಕ್ಕಿಗೆ ನೋಡುತ್ತ ಹೇಳಿದ. ಸರಿಯಾಗಿ ಹನ್ನೆರಡಕ್ಕೆ ವಕೀಲ ಯಂತ್ರವನ್ನು ಮರದ ಪೆಟ್ಟಿಗೆಯಲ್ಲಿ ಇಳಿಸಿ ರಸೀದಿ ಕೊಟ್ಟ. ಹೋಗುವಾಗ, “ಇಂಥ ಪುಸ್ತಕದಲ್ಲಿ ಒಂದಾದರೂ ತಪ್ಪು ಸಿಗುತ್ತದೆ ಅಂದುಕೊಂಡಿದ್ದೆ” ಎಂದು ನನ್ನ ಕೈ ಕುಲುಕಿದ.  ಸೆಕ್ರೆಟರಿ ತಮ್ಮ ಕಾರಿನಲ್ಲಿ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಒದ್ದೆ ಪ್ಯಾಂಟಿನ ಸಮೇತ, ಅಲ್ ಗರಾಫಾದ ನಮ್ಮ ಮನೆಯವರೆಗೆ ತಾವೇ ಓಡಿಸಿಕೊಂಡು ಬಿಟ್ಟರು.

ಹೊಸ ವರ್ಷದ ಮೊದಲ ಬೆಳಿಗ್ಗೆ ನನಗೆ ಕೆಲಸವಿರಲಿಲ್ಲ. ಮಂಡಳಿ ಇಲ್ಲ, ಹೆಡ್ ಕ್ಲಾರ್ಕೂ ಇಲ್ಲ. ಆದರೂ ಐದೂವರೆಗೆ ಬಂದರಿನ ಗೇಟಿಗೆ ಹೋಗಿ ನಿಂತೆ. ಎಲ್ಲೋ ಏನೋ ತಪ್ಪಿರುತ್ತದೆ ಎಂಬ ನಂಬಿಕೆ ನನಗಿನ್ನೂ ಇತ್ತು. ಕಂಪೆನಿಯ ಬಸ್ಸುಗಳು ಬಂದವು. ಈ ಸಲ ಗೇಟಿನಲ್ಲಿ ಬಂದರು ಇಲಾಖೆಯ ಹೊಸ ಅಧಿಕಾರಿ ಕೂತಿದ್ದ, ಒಂದೊಂದು ಕಾರ್ಡಿನ ತಾರೀಕೂ ನೋಡುತ್ತಿದ್ದ. ನೋಡುತ್ತಿದ್ದ, ತಲೆಯಾಡಿಸುತ್ತಿದ್ದ, ಅಡ್ಡಗಂಬ ಏಳುತ್ತಿತ್ತು. ಒಬ್ಬನನ್ನೂ ನಿಲ್ಲಿಸಲಿಲ್ಲ. ಬಲೂಚಿ ಹೋದ. ಅವನ ಹಿಂದೆ ಕಾಕ, ಗೇಟು ದಾಟಿ ತಿರುಗಿದಾಗ ನನ್ನನ್ನು ಕಂಡ.

“ಎಂತ ಶೆಟ್ರೇ, ಹೊರಗೆ ನಿಂತದ್ದು? ಬನ್ನಿ ಒಳಗೆ!”

ನಾನು ಹೆಜ್ಜೆ ಇಟ್ಟೆ. ಅಧಿಕಾರಿ ಕೈ ಅಡ್ಡ ಹಿಡಿದು ಕಾರ್ಡು ಕೇಳಿದ. ಜೇಬಿನಿಂದ ನನ್ನ ಮಂಡಳಿಯ ಪಾಸು ತೆಗೆದುಕೊಟ್ಟೆ. ಅವನು ತಾರೀಕು ನೋಡಿ ವಾಪಸು ಕೊಟ್ಟ.

“ನಿನ್ನೆಗೆ ಮುಗಿದಿದೆ.”

 ಗೇಟಿನ ಆಚೆ ಕಾಕ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ, ಅವನ ಹಿಂದೆ ಗ್ಯಾಂಗಿನವರೆಲ್ಲ. “ಅಯ್ಯೋ ಮಾರಾಯ್ರೆ, ಎಲ್ಲರದ್ದೂ ಮಾಡಿ ನಿಮ್ಮದೊಂದು ಬಿಟ್ರಾ!” ಎಂದ. ನನಗೂ ನಗು ತಡೆಯಲಾಗಲಿಲ್ಲ. ಒಳಗೆ ಸೈರನ್ ಆಯಿತು, ಅವರೆಲ್ಲ ಹಡಗಿನ ಕಡೆ ಓಡಿದರು. ನಾನು ಗೇಟಿನ ಹೊರಗೆ ನಿಂತು, ಕೊನೆಯವನು ಶೆಡ್ಡಿನ ತಿರುವು ದಾಟುವವರೆಗೂ ಎಣಿಸಿದೆ. ಒಂದೇ ಸಲ ಎಣಿಸಿದೆ.